ಎಡಹೆಗಲ ಹಿಂದಿನ ಹಿಡಿಕೆ

ಊರಿಂದ ಅಪ್ಪ ಅಮ್ಮ ಬಂದರೆ ಬೇ ಏರಿಯಾದ ಕನ್ನಡಿಗರೆಲ್ಲರ ಟೂರ್ ಪ್ಲಾನ್ ಹೆಚ್ಚೂಕಮ್ಮಿ ಒಂದೇ. ಒಂದು ದಿನ ಗೋಲ್ಡನ್ ಗೇಟ್, ಒಂದು ದಿನ ಲಿವರ್‌ಮೋರ್ ದೇವಸ್ಥಾನ, ಇನ್ನೊಂದು ದಿನ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಮಾಂಟೆರೆ ಕಡೆಗೆ. ಅಲ್ಲಿ ಅಕ್ವೇರಿಯಂ ನೋಡಿ, ಸೆವೆಂಟೀನ್ ಮೈಲ್ ಡ್ರೈವ್‌ನಲ್ಲಿ ಒಂದಷ್ಟು ಸೆಲ್ಫಿ ತೆಗೆದುಕೊಂಡರೆ ಮುಗೀತು. ಇವೆರಡರ ಮಧ್ಯೆ ಪೆಸಿಫಿಕ್ ಗ್ರೋವ್ ಅನ್ನೋ ಪುಟ್ಟ ಊರಿದೆ. ಹೆಚ್ಚಿನವರು ಕಾರಿನ ಕಿಟಕಿಯಿಂದಲೇ ನೋಡಿ ಮುಂದೆ ಹೋಗ್ತಾರೆ. ನನ್ನ ಕೇಳಿದರೆ ಇಳಿದು ನಡೆಯಬೇಕಾದ ಊರು ಇದೇ.

ಸಮುದ್ರದ ಪಕ್ಕದಲ್ಲೇ ಓಷನ್ ವ್ಯೂ ಬೊಲೆವಾರ್ಡ್ ಅನ್ನೋ ರಸ್ತೆ. ಕಪ್ಪು ಬಂಡೆಗಳು, ಅವುಗಳ ಮೇಲೆ ಬಿಸಿಲು ಕಾಯುತ್ತಾ ಬಿದ್ದುಕೊಂಡಿರುವ ಸೀಲ್‌ಗಳು, ನೀರಿನ ಮೇಲೆ ಜಡೆ ಬಿಚ್ಚಿ ಹರಡಿದಂತೆ ತೇಲುವ ಕೆಲ್ಪ್. ಚಳಿಗಾಲದಲ್ಲಿ ಈ ಊರಿನ ಮರಗಳಿಗೆ ಮೊನಾರ್ಕ್ ಚಿಟ್ಟೆಗಳು ಗೊಂಚಲು ಗೊಂಚಲಾಗಿ ಬಂದು ಕೂರ್ತವೆ. ರಸ್ತೆ ತಿರುಗುವ ಮೂಲೆಯಲ್ಲಿ ಪಾಯಿಂಟ್ ಪಿನೋಸ್ ದೀಪಸ್ತಂಭ. 1855ರಿಂದ ಉರಿಯುತ್ತಲೇ ಇದೆ.

ಅದರ ಹತ್ತಿರದ ಕಡಲದಂಡೆಯಲ್ಲಿ ಜಾನ್ ಡೆನ್ವರ್ ನೆನಪಿನ ಒಂದು ಫಲಕ ಇದೆ. ಹೆಸರು ಗೊತ್ತಾಗಲಿಲ್ಲ ಅಂದ್ರೆ ‘ಕಂಟ್ರಿ ರೋಡ್ಸ್’ ಹಾಡು ನೆನಪಿಸಿಕೊಳ್ಳಿ. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಗಿಟಾರ್ ಕಲಿತ ಪ್ರತಿ ಹುಡುಗನೂ ಮೊದಲು ಹಾಳು ಮಾಡೋ ಹಾಡು! ‘ಲೀವಿಂಗ್ ಆನ್ ಎ ಜೆಟ್ ಪ್ಲೇನ್’ ಬರೆದದ್ದೂ ಇವರೇ. 1997ರ ಅಕ್ಟೋಬರ್ 12ರ ಸಂಜೆ, ಇದೇ ದಂಡೆಯ ಎದುರು, ತಾವೇ ಹಾರಿಸುತ್ತಿದ್ದ ಪುಟ್ಟ ವಿಮಾನದ ಜೊತೆ ಅವರು ಸಮುದ್ರಕ್ಕೆ ಬಿದ್ದರು. ವಯಸ್ಸು 53.

ಶ್ರೀಮಂತ ಗಾಯಕನ ಶೋಕಿ ಅಂದುಕೊಳ್ಳಬೇಡಿ. ಅವರ ತಂದೆ ಅಮೆರಿಕದ ವಾಯುಪಡೆಯ ಪೈಲಟ್. ಮಗನಿಗೂ 2,700 ಗಂಟೆಗೂ ಹೆಚ್ಚು ಹಾರಾಟದ ಅನುಭವ ಇತ್ತು. ಗ್ಲೈಡರ್, ನೀರಿನ ಮೇಲೆ ಇಳಿಯುವ ವಿಮಾನ, ಎರಡು ಇಂಜಿನ್ನಿನದು, ಲಿಯರ್‌ಜೆಟ್, ಎಲ್ಲದಕ್ಕೂ ಅರ್ಹತೆ ಪಡೆದಿದ್ದರು. ಕುಡಿದು ಹಾರಿಸಿದರಂತೆ ಅಂತ ಈಗಲೂ ಕೆಲವರು ಹೇಳ್ತಾರೆ. ಅದು ಸುಳ್ಳು, ಪರೀಕ್ಷೆಯಲ್ಲಿ ಮದ್ಯದ ಅಂಶ ಇರಲಿಲ್ಲ. ಹಳೆಯ ಮದ್ಯಪಾನ ಪ್ರಕರಣಗಳಿಂದಾಗಿ ವೈದ್ಯಕೀಯ ಸರ್ಟಿಫಿಕೇಟ್ ಊರ್ಜಿತವಾಗಿರಲಿಲ್ಲ ಅನ್ನೋದು ನಿಜ. ಆದರೆ ವಿಮಾನ ಬಿದ್ದದ್ದು ಅದರಿಂದಲ್ಲ.

ವಿಮಾನ ಅವರಿಗೆ ಹೊಸದು. ಹೆಸರು ಲಾಂಗ್-ಈಝಡ್. ಬರ್ಟ್ ರುಟಾನ್ ಅನ್ನೋ ಪ್ರಸಿದ್ಧ ವಿನ್ಯಾಸಕಾರ ರೂಪಿಸಿದ್ದು. ಇಂಧನ ತುಂಬಿಸದೆ ಭೂಮಿ ಸುತ್ತಿದ ವಾಯೇಜರ್ ಕೂಡ ಅವರದ್ದೇ. ಲಾಂಗ್-ಈಝಡ್ ನೋಡೋಕೇ ಎಲ್ಲಾ ಉಲ್ಟಾ: ಪುಟ್ಟ ರೆಕ್ಕೆ ಮೂತಿಯ ಹತ್ತಿರ, ದೊಡ್ಡ ರೆಕ್ಕೆ ಮತ್ತು ಪ್ರೊಪೆಲ್ಲರ್ ಹಿಂದೆ. ಕಂಪನಿ ಇದನ್ನು ತಯಾರಿಸಿ ಮಾರುತ್ತಿರಲಿಲ್ಲ. ನಕ್ಷೆ ಕೊಂಡು, ಫೋಮ್ ಮತ್ತು ಫೈಬರ್‌ಗ್ಲಾಸ್ ಹಾಕಿ ಜನ ತಾವೇ ಗ್ಯಾರೇಜಿನಲ್ಲಿ ಕಟ್ಟಿಕೊಳ್ಳಬೇಕಿತ್ತು. ಮನೆ ಕಟ್ಟಿಸುವಾಗ ಮೇಸ್ತ್ರಿ ಪ್ಲಾನ್‌ನಲ್ಲಿಲ್ಲದ ಕಡೆ ಸ್ವಿಚ್ ಬೋರ್ಡ್ ಇಡಿಸ್ತಾನಲ್ಲ, ಇಲ್ಲೂ ಹಾಗೇ ಆಯ್ತು. ಎಡ-ಬಲ ಟ್ಯಾಂಕುಗಳ ನಡುವೆ ಇಂಧನ ಬದಲಿಸುವ ಹಿಡಿಕೆಯನ್ನು ರುಟಾನ್ ಪೈಲಟ್‌ನ ಕಾಲುಗಳ ಮಧ್ಯೆ ಇಟ್ಟಿದ್ದರು. ಈ ವಿಮಾನ ಕಟ್ಟಿದವರು ಅದನ್ನು ಪೈಲಟ್‌ನ ಎಡಹೆಗಲ ಹಿಂದಕ್ಕೆ ಸಾಗಿಸಿದ್ದರು. ಇಂಧನದ ಪೈಪು ಕೂತವರ ಹತ್ತಿರ ಬೇಡ ಅನ್ನೋ ಸುರಕ್ಷತೆಯ ಯೋಚನೆಯೇ ಅದರ ಹಿಂದಿತ್ತು. ಹಿಡಿಕೆ ಯಾವ ಕಡೆ ತಿರುಗಿದರೆ ಯಾವ ಟ್ಯಾಂಕ್ ಅನ್ನೋ ಗುರುತೂ ಇರಲಿಲ್ಲ. ಇಂಧನ ಎಷ್ಟಿದೆ ಅಂತ ತೋರಿಸುವ ಗಾಜಿನ ಗೇಜುಗಳೂ ಹಿಂದುಗಡೆಯೇ.

ಹಿಂದಿನ ದಿನ ಸುಮಾರು ಅರ್ಧ ಗಂಟೆ ಮತ್ತೊಬ್ಬ ಪೈಲಟ್ ಜೊತೆ ಹಾರಿ ಡೆನ್ವರ್ ವಿಮಾನದ ಪರಿಚಯ ಮಾಡಿಕೊಂಡಿದ್ದರು. ಪೆಡಲ್‌ಗೆ ಕಾಲು ಎಟುಕಲಿ ಅಂತ ಬೆನ್ನ ಹಿಂದೆ ದಿಂಬು ಇಟ್ಟುಕೊಳ್ಳಬೇಕಿತ್ತು. ಹಿಡಿಕೆ ಕೈಗೆ ಸಿಗಲ್ಲ ಅನ್ನೋದೂ ಗೊತ್ತಿತ್ತು. ಮೆಕ್ಯಾನಿಕ್ ಜೊತೆ ಸೇರಿ ಅದಕ್ಕೊಂದು ಇಕ್ಕಳ ಕಚ್ಚಿಸಿ ನೋಡಿದರು, ಸರಿಹೋಗಲಿಲ್ಲ. ಗೇಜು ನೋಡಿಕೊಳ್ಳೋಕೆ ಆತ ಒಂದು ಸಣ್ಣ ಕನ್ನಡಿ ಕೊಟ್ಟ. ಬಲ ಟ್ಯಾಂಕಿನಲ್ಲಿ ಅರ್ಧಕ್ಕಿಂತ ಕಡಿಮೆ, ಎಡದಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಇದೆ ಅಂತ ಅಂದಾಜು ಹೇಳಿದ. ಒಂದು ಗಂಟೆ ಹಾರಾಟ ಅಷ್ಟೇ, ತುಂಬಿಸೋದು ಬೇಡ ಅಂದರು ಡೆನ್ವರ್. ಆಟೋಪೈಲಟ್ ಹಾಕಿಕೊಂಡು ಹಿಡಿಕೆ ತಿರುಗಿಸ್ತೀನಿ ಅಂತಲೂ ಹೇಳಿದ್ದರು.

ಮಾಂಟೆರೆ ಏರ್‌ಪೋರ್ಟ್‌ನಲ್ಲಿ ಮೂರು ಸಲ ರನ್‌ವೇ ಮುಟ್ಟಿ ಮೇಲೆದ್ದು ಅಭ್ಯಾಸ ಮಾಡಿ, ಸಮುದ್ರದ ಕಡೆ ತಿರುಗಿದರು. ಆಗ ಎತ್ತರ ಕೆಲವೇ ನೂರು ಅಡಿ. ದಂಡೆಯಲ್ಲಿದ್ದವರಿಗೆ ಇಂಜಿನ್ ಸದ್ದು ಕುಗ್ಗಿದ್ದು ಕೇಳಿಸಿತು. ಆಮೇಲೆ ಮೂತಿ ಕೆಳಗಾಗಿ ನೇರ ನೀರಿಗೆ.

ತನಿಖಾ ವರದಿ ಓದಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಸಣ್ಣ ವಿಷಯ. ನೀವು ಈಗ ಕೂತಿರುವ ಕುರ್ಚಿಯಲ್ಲೇ ಮಾಡಿ ನೋಡಿ. ಬಲಗೈಯನ್ನು ಎಡಹೆಗಲ ಹಿಂದಕ್ಕೆ ಚಾಚಿ, ಇನ್ನೂ ಸ್ವಲ್ಪ ಚಾಚಿ. ಬಲಗಾಲು ತಾನಾಗಿಯೇ ನೆಲ ಒತ್ತಿತು ಅಲ್ವಾ? ವಿಮಾನದಲ್ಲಿ ಆ ಕಾಲಿನ ಕೆಳಗೆ ಬಲಗಡೆಯ ರಡರ್ ಪೆಡಲ್ ಇರುತ್ತೆ. ಬಲಗೈಯಲ್ಲಿ ಹಿಡಿಯಬೇಕಾದ ಸ್ಟಿಕ್ ಕೈಬಿಟ್ಟಿರುತ್ತೆ. ಇಂಧನ ತುಂಬಿಸದಿದ್ದದ್ದು, ಗಮನ ಬೇರೆಡೆ ಹೋಗಿ ಅರಿವಿಲ್ಲದೆ ಪೆಡಲ್ ಒತ್ತಿದ್ದು ಕಾರಣ ಅಂತ ತನಿಖೆಯವರು ಬರೆದರು. ಹಿಡಿಕೆಯ ಜಾಗ, ಗುರುತಿಲ್ಲದ ಗೇಜು, ಆ ಬಗೆಯ ವಿಮಾನದಲ್ಲಿ ಸಾಲದ ತರಬೇತಿ ಮತ್ತು ಅನುಭವ, ಇವನ್ನೂ ಜೊತೆಗೆ ಸೇರಿಸಿದರು.

2,700 ಗಂಟೆ ಏನಾಯ್ತು ಹಾಗಾದ್ರೆ? ಹಳೇ ಬುಲೆಟ್ ಓಡಿಸಿದವರಿಗೆ ಇದು ಬೇಗ ಅರ್ಥವಾಗುತ್ತೆ. ಅದರ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಹತ್ತು ವರ್ಷ ಬೇರೆ ಬೈಕ್ ಓಡಿಸಿ ಪಳಗಿದವರೇ, ಎದುರಿಗೆ ಹಸು ಬಂದಾಗ ಬ್ರೇಕ್ ಅಂತ ಗೇರ್ ತುಳಿಯೋದು. ಪಳಗಿದಷ್ಟೂ ಕಾಲು ಯೋಚನೆ ಮಾಡೋದನ್ನ ಬಿಟ್ಟಿರುತ್ತೆ.

ಈ ಕಥೆ ನಮ್ಮ ಮನೆಯೊಳಗೂ ಬಂತು. ನಮ್ಮ ಭಾವ, ಅಂದ್ರೆ ಅಕ್ಕನ ಗಂಡ, ಸಾಫ್ಟ್‌ವೇರ್ ಕೆಲಸದ ಜೊತೆಗೇ ಪ್ರೈವೇಟ್ ಪೈಲಟ್ ಲೈಸೆನ್ಸ್ ಮಾಡಿಕೊಂಡರು. ಚಿಕ್ಕಂದಿನಲ್ಲಿ ಜಕ್ಕೂರಿನ ಬೇಲಿ ಹಿಡಿದು ನಿಂತು ಪುಟ್ಟ ವಿಮಾನ ನೋಡ್ತಿದ್ದ ಆಸೆ ಅದು. ಕಲಿತದ್ದು ಸೆಸ್ನಾ 172ರಲ್ಲಿ. ಈ ವರ್ಷ ಆಫೀಸಿನ ಗೆಳೆಯರೊಬ್ಬರು ತಮ್ಮ ಪೈಪರ್ ಚೆರೋಕಿಯಲ್ಲಿ ಪಾಲು ಕೊಡ್ತೀನಿ ಅಂದರು. "ಅದೂ ವಿಮಾನ, ಇದೂ ವಿಮಾನ. ಎರಡೂ ಸಾಧು ಪ್ರಾಣಿಗಳೇ ಕಣಮ್ಮ" ಅಂತ ಭಾವ ನನಗೆ ಹೇಳಿದ್ದು ಇದೇ ಪೆಸಿಫಿಕ್ ಗ್ರೋವ್ ಬೆಂಚಿನ ಮೇಲೆ ಕೂತು. ಅಕ್ಕ ಏನೂ ಅನ್ನಲಿಲ್ಲ. ಮೊಸರನ್ನದ ಡಬ್ಬಿ ಮುಚ್ಚಿ, ಫಲಕದ ಕಡೆ ನಡೆದು ಹೋದಳು.

ವ್ಯತ್ಯಾಸ ಏನು ಅಂತ ಆಮೇಲೆ ಭಾವನೇ ವಿವರಿಸಿದರು. ಸೆಸ್ನಾದ ರೆಕ್ಕೆ ಮೇಲಿರುತ್ತೆ, ಇಂಧನದ ಹಿಡಿಕೆಯನ್ನು "ಎರಡೂ ಟ್ಯಾಂಕ್" ಅನ್ನೋ ಜಾಗಕ್ಕೆ ತಿರುಗಿಸಿ ಮರೆತುಬಿಡಬಹುದು. ಚೆರೋಕಿಯ ರೆಕ್ಕೆ ಕೆಳಗೆ, ಅಲ್ಲಿ "ಎರಡೂ" ಅನ್ನೋದೇ ಇಲ್ಲ. ಗಡಿಯಾರ ನೋಡಿಕೊಂಡು ಎಡ, ಬಲ ಅಂತ ಬದಲಿಸ್ತಾ ಇರಬೇಕು. ಮರೆತರೆ ಒಂದು ಟ್ಯಾಂಕ್ ತುಂಬಾ ಪೆಟ್ರೋಲ್ ಇಟ್ಟುಕೊಂಡೇ ಇಂಜಿನ್ ನಿಲ್ಲುತ್ತೆ. ಹಳೆಯ ವಿಮಾನಗಳಲ್ಲಿ ವೇಗದ ಮುಳ್ಳು ನಾಟ್ ಬದಲು ಮೈಲಿ ಲೆಕ್ಕ ತೋರಿಸೋದೂ ಉಂಟು. ಇಳಿಯುವಾಗ 65 ಅನ್ನೋ ಅಂಕಿ ತಲೆಯಲ್ಲಿ ಕೂತವರಿಗೆ, ಮೈಲಿ ಲೆಕ್ಕದ 65 ಅಂದ್ರೆ ಬರೀ 56 ನಾಟ್.

ಅಕ್ಕ ಷರತ್ತು ಹಾಕಿದಳು: ಅದೇ ಮಾದರಿಯಲ್ಲಿ ಪಳಗಿದ ಇನ್‌ಸ್ಟ್ರಕ್ಟರ್ ಜೊತೆ ಹತ್ತು ಗಂಟೆ, ಅದಾದ ಮೇಲೇ ಪಾಲಿನ ದುಡ್ಡು. "ಇನ್ಶೂರೆನ್ಸ್‌ನವರೂ ಇಷ್ಟು ಕೇಳಲ್ಲ ಕಣೇ" ಅಂದರು ಭಾವ. "ಇನ್ಶೂರೆನ್ಸ್‌ನವರು ನಿಮ್ಮನ್ನ ಮದುವೆ ಆಗಿಲ್ಲ ರೀ" ಅಂದಳು.

ಹೋದ ಶನಿವಾರ ನಾನೂ ಹ್ಯಾಂಗರ್‌ಗೆ ಹೋಗಿದ್ದೆ. ಇಂಜಿನ್ ಆಫ್. ಭಾವ ಚೆರೋಕಿಯ ಎಡ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಕಾಕ್‌ಪಿಟ್ ಕೈಗೆ ಒಗ್ಗಲಿ ಅಂತ ಪೈಲಟ್‌ಗಳು ಮಾಡುವ ಹಳೆಯ ಅಭ್ಯಾಸ ಇದು. ಅಕ್ಕ ಪಕ್ಕದ ಸೀಟಿನಲ್ಲಿ ಪಟ್ಟಿ ಹಿಡಿದು ಒಂದೊಂದೇ ಹೆಸರು ಓದುತ್ತಿದ್ದಳು. ಥ್ರಾಟಲ್. ಮಿಕ್ಸ್ಚರ್. ಫ್ಲ್ಯಾಪ್. ಮೂರೂ ಸರಿಯಾಗಿ ಮುಟ್ಟಿದರು.

"ಫ್ಯೂಯೆಲ್ ಸೆಲೆಕ್ಟರ್" ಅಂದಳು. ಭಾವನ ಬಲಗೈ ಎರಡು ಸೀಟುಗಳ ನಡುವೆ, ಸೆಸ್ನಾದಲ್ಲಿ ಹಿಡಿಕೆ ಇರುವ ಜಾಗಕ್ಕೆ ಇಳಿಯಿತು. ಚೆರೋಕಿಯ ಹಿಡಿಕೆ ಎಡಗಡೆ ಗೋಡೆಯಲ್ಲಿ, ಕಾಲಿನ ಪಕ್ಕದಲ್ಲಿತ್ತು.

"ಮತ್ತೆ ಮೊದಲಿಂದ" ಅಂತ ಅಕ್ಕ ಪಟ್ಟಿಯನ್ನು ಮೇಲಿಂದ ಓದೋಕೆ ಶುರು ಮಾಡಿದಳು.