ಹಿಮ್ಮಡಿ ನೆಲ ಮುಟ್ಟಿದ ದಿನ

ನನ್ನ ಮಗ ನಡೆಯಲು ಕಲಿತದ್ದೇ ಮೂರೂವರೆ ವರ್ಷಕ್ಕೆ. ಅದೂ ತುದಿಗಾಲಲ್ಲಿ. ಎರಡೂ ಹಿಮ್ಮಡಿಗಳು ನೆಲಕ್ಕೆ ತಾಗುತ್ತಿರಲಿಲ್ಲ. "ನಡೆದನಲ್ಲ, ಅಲ್‌ಹಮ್ದುಲಿಲ್ಲಾಹ್. ಬೆಳೆದಂತೆ ಸರಿಹೋಗುತ್ತದೆ" ಎಂದರು ಮನೆಯ ಹಿರಿಯರು. ನಾನೂ ನಂಬಿದೆ. ವೈದ್ಯರು ಮಾಡಿಸಿಕೊಟ್ಟ ಪ್ಲಾಸ್ಟಿಕ್ ಸ್ಪ್ಲಿಂಟ್ ಕಪಾಟು ಸೇರಿತು. ಅದನ್ನು ಹಾಕಿ ಮದುವೆ ಮನೆಗೆ ಕರೆದೊಯ್ದರೆ ಜನ ನೋಡುತ್ತಾರೆಂಬ ಸಂಕೋಚ ನನಗಿತ್ತು, ಮಗನಿಗಿರಲಿಲ್ಲ.

ಆರನೇ ವರ್ಷಕ್ಕೆ ಅವನು ಪದೇ ಪದೇ ಬೀಳತೊಡಗಿದ. ಕೈಯಿಂದ ಒತ್ತಿದರೂ ಪಾದ ಮೇಲಕ್ಕೆ ಬಾಗುತ್ತಿರಲಿಲ್ಲ. ಮತ್ತೆ ಹೋದಾಗ ವೈದ್ಯರು ಬೈಯಲಿಲ್ಲ, ಬಿಡಿಸಿ ಹೇಳಿದರು. ಸೆರೆಬ್ರಲ್ ಪಾಲ್ಸಿಯಲ್ಲಿ ಮೆದುಳಿಗಾದ ಹಾನಿ ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಸದಾ ಬಿಗಿದಿರುವ ಮೀನಖಂಡದ ಸ್ನಾಯು, ಎಲುಬಿನಷ್ಟು ವೇಗವಾಗಿ ಉದ್ದವಾಗುವುದಿಲ್ಲ. ಮಗು ಬೆಳೆದಂತೆ ಅದು ಹಿಮ್ಮಡಿಯನ್ನು ಇನ್ನಷ್ಟು ಮೇಲಕ್ಕೆಳೆಯುತ್ತದೆ. ನಾವು ನಂಬಿದ್ದ ಮಾತು ತಲೆಕೆಳಗಾಗಿತ್ತು.

"ಆಪರೇಷನ್ ಮಾಡಿಬಿಡಿ ಡಾಕ್ಟ್ರೇ" ಎಂದೆ. ಅವರು ಅವಸರಪಡಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಹಿಮ್ಮಡಿಯ ಸ್ನಾಯುರಜ್ಜುವನ್ನು ಉದ್ದ ಮಾಡಿದರೆ ಬೆಳೆಯುವಾಗ ಮತ್ತೆ ಬಿಗಿಯಬಹುದು. ಅತಿಯಾಗಿ ಉದ್ದ ಮಾಡಿದರೆ ಕಾಲಿನ ಬಲ ಕುಂದಿ, ಮಗು ಮೊಣಕಾಲು ಮಡಚಿಕೊಂಡೇ ನಡೆಯಬೇಕಾದೀತು. ಅದನ್ನು ಸರಿಪಡಿಸುವುದು ಇನ್ನೂ ಕಷ್ಟ ಎಂದರು. ಮೊದಲು ಬೊಟುಲಿನಮ್ ಚುಚ್ಚುಮದ್ದು ಕೊಟ್ಟರು. ಅದರ ಪರಿಣಾಮ ಕೆಲವೇ ತಿಂಗಳು. ಆ ಅವಧಿಯೊಳಗೆ ಸ್ನಾಯುವನ್ನು ಹಿಗ್ಗಿಸಬೇಕು. ನಾಲ್ಕು ವಾರ, ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸಿ, ಪ್ರತಿಸಲ ಪಾದವನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಂದರು. ನಂತರ ಹೊಸ ಸ್ಪ್ಲಿಂಟ್. ಈ ಬಾರಿ ಅದು ಕಪಾಟು ಸೇರಲಿಲ್ಲ.

ಒಂದು ಶುಕ್ರವಾರ ತಂದೆಯೊಂದಿಗೆ ಜುಮಾಕ್ಕೆ ಹೋದ. ಸ್ಪ್ಲಿಂಟ್ ಕಂಡು ಬಾಗಿಲಲ್ಲಿ ಒಬ್ಬರು ತಡೆದರಂತೆ. ಉಸ್ತಾದರು ಎದ್ದು ಬಂದು, "ಅದು ಚಪ್ಪಲಿಯಲ್ಲ, ಅವನ ಕಾಲು. ಒರೆಸಿಕೊಂಡು ಒಳಗೆ ಬರಲಿ" ಎಂದರಂತೆ. ಮನೆಗೆ ಬಂದವನೇ ಮಗ ಹೇಳಿದ: "ಉಮ್ಮಾ, ಸಫ್‌ನಲ್ಲಿ ನನ್ನ ಹಿಮ್ಮಡಿಯೂ ಎಲ್ಲರ ಸಾಲಿನಲ್ಲೇ ಇತ್ತು."

ಚಿಕಿತ್ಸೆ ಮುಗಿದಿಲ್ಲ. ದಿನವೂ ವ್ಯಾಯಾಮವಿದೆ, ಬೆಳೆದಂತೆ ಸ್ಪ್ಲಿಂಟ್ ಬದಲಿಸಬೇಕು, ಮುಂದೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಸೆರೆಬ್ರಲ್ ಪಾಲ್ಸಿಯುಳ್ಳವರ ಹಕ್ಕುಗಳಿಗೆ 2016ರ ಕಾಯ್ದೆಯ ರಕ್ಷಣೆಯಿದೆ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮಾ ಯೋಜನೆಯಿದೆ. ಕೇಳಿ ಪಡೆಯಲು ನಾಚಬೇಕಾಗಿಲ್ಲ.

ಅಲ್ಲಾಹನು ನಮ್ಮ ಕೈಗೆ ಕೊಟ್ಟ ಮಗು ಅವನ ಅಮಾನತ್ತು. ನಾಲ್ಕು ಜನರ ನೋಟಕ್ಕೆ ಅಂಜಿ ನಾನು ಕಳೆದ ಎರಡು ವರ್ಷಗಳನ್ನು ಇನ್ನಾವ ತಾಯಿಯೂ ಕಳೆಯದಿರಲಿ.