ಓಟು ಕೇಳದ ದಿನ ಬನ್ನಿ

ಬೆಂಗಳೂರಿನವರು ಓಟು ಹಾಕಲ್ಲ ಅನ್ನೋದು ಈಗ ಗಾದೆ ಮಾತಿನ ಥರ ಆಗಿಬಿಟ್ಟಿದೆ. ಪ್ರತಿ ಚುನಾವಣೆಯ ಮರುದಿನ ಪೇಪರಿನಲ್ಲಿ ಅದೇ ಹೆಡ್ಡಿಂಗು, ಟೀವಿಯಲ್ಲಿ ಅದೇ ಬೈಗುಳ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ನೂರಕ್ಕೆ 81ಕ್ಕೂ ಹೆಚ್ಚು ಜನ ಮತ ಹಾಕಿದರು. ಅಲ್ಲಿಂದ ನೂರು ಕಿಲೋಮೀಟರ್ ಈಚೆ ಇರುವ ಬೆಂಗಳೂರು ದಕ್ಷಿಣದಲ್ಲಿ ಹಾಕಿದವರು 53ರ ಆಸುಪಾಸು. ಓದಿದವರು, ಕೈತುಂಬ ಸಂಬಳ ಬರುವವರು, ಒಂದು ರಜಾ ಸಿಕ್ಕಿದರೆ ಕೊಡಗಿಗೋ ಚಿಕ್ಕಮಗಳೂರಿಗೋ ಗಾಡಿ ತಿರುಗಿಸುವವರು... ಹೀಗೆ ಅವರಿಗೆ ಒಂದಿಷ್ಟು ಮಂಗಳಾರತಿ ಎತ್ತಿ ನಾವೂ ಸುಮ್ಮನಾಗ್ತೀವಿ.

ನನ್ನ ಪ್ರಶ್ನೆ ಬೇರೆ. ಅಂಗಡಿಗೆ ಗಿರಾಕಿ ಬರಲಿಲ್ಲ ಅಂದರೆ ಅಂಗಡಿಯವನು ಗಿರಾಕಿಯನ್ನು ಬೈಕೊಂಡು ಕೂತಿರ್ತಾನಾ? ತನ್ನ ಅಂಗಡಿಯಲ್ಲಿ ಏನು ಐಬಿದೆ ಅಂತ ಒಂದು ಸಲ ನೋಡ್ಕೊಳ್ತಾನೆ. ನಮ್ಮ ರಾಜಕೀಯ ಪಕ್ಷಗಳು ಮಾತ್ರ ಹಾಗೆ ನೋಡಿಕೊಂಡಿದ್ದು ನಾನು ಕಂಡಿಲ್ಲ.

ರಜೆಯ ಕಥೆಯನ್ನೇ ತಗೊಳ್ಳಿ. 2019ರಲ್ಲಿ ಬೆಂಗಳೂರಿನ ಮತದಾನ ಏಪ್ರಿಲ್ 18ರ ಗುರುವಾರ ಇತ್ತು, ಮರುದಿನ ಗುಡ್ ಫ್ರೈಡೇ. ಅದಕ್ಕೇ ಜನ ಊರು ಬಿಟ್ಟರು ಅಂದರು. ಸರಿ, 2023ರ ವಿಧಾನಸಭಾ ಚುನಾವಣೆಗೆ ಚುನಾವಣಾ ಆಯೋಗ ಬೇಕಂತಲೇ ವಾರದ ನಡುವಿನ ಬುಧವಾರವನ್ನು ಆರಿಸಿತು, ಮೇ 10. ಬೆರಳಿನ ಶಾಯಿ ತೋರಿಸಿದವರಿಗೆ ಕೆಲವು ಹೋಟೆಲಿನವರು ಬಿಟ್ಟಿ ದೋಸೆಯನ್ನೂ ಕೊಟ್ಟರು. ಇಡೀ ರಾಜ್ಯದಲ್ಲಿ ಶೇ. 73 ದಾಟಿದರೂ ಬೆಂಗಳೂರು 55ರ ಹತ್ತಿರವೇ ನಿಂತಿತು. ಅಲ್ಲಿಗೆ ಇದು ಬುಧವಾರದಿಂದಲೂ ದೋಸೆಯಿಂದಲೂ ವಾಸಿಯಾಗುವ ಕಾಯಿಲೆ ಅಲ್ಲ ಅಂತಾಯ್ತು :-)

ಇನ್ನೊಂದು ಮಾತು. ಆ ಉಳಿದ 45 ಜನ ಎಲ್ಲರೂ ಸೋಮಾರಿಗಳೇ ಅಂತ ಹೇಳೋಕಾಗಲ್ಲ. ಬಾಡಿಗೆ ಮನೆ ಬದಲಾಯಿಸಿ ಎಷ್ಟೋ ವರ್ಷವಾಗಿರುತ್ತೆ, ಹೆಸರು ಇನ್ನೂ ಹಳೇ ಬೀದಿಯ ಪಟ್ಟಿಯಲ್ಲೇ ಇರುತ್ತೆ. ತೀರಿಕೊಂಡವರ ಹೆಸರಿರುತ್ತೆ, ಎರಡು ಕಡೆ ಇರುವವರ ಹೆಸರಿರುತ್ತೆ. ಪಟ್ಟಿಯಲ್ಲಿದ್ದೂ ಊರಲ್ಲಿಲ್ಲದವರು, ಊರಲ್ಲಿದ್ದೂ ಪಟ್ಟಿಯಲ್ಲಿಲ್ಲದವರು, ಇಬ್ಬರೂ ಈ ನಗರದಲ್ಲಿ ಧಾರಾಳವಾಗಿದ್ದಾರೆ. ಆ ಪಟ್ಟಿ ಪ್ರತಿ ಪಕ್ಷದ ಆಫೀಸಿನಲ್ಲೂ ಇದೆ. ಆದರೆ ಚುನಾವಣೆಗೆ ಇಪ್ಪತ್ತು ದಿನ ಇರುವಾಗಲೇ ಅದರ ಧೂಳು ಕೊಡವೋದು.

ನನ್ನ ಜೊತೆ ಕೆಲಸ ಮಾಡುವ ಒಬ್ಬ ಗೆಳೆಯನಿದ್ದಾನೆ, ಮಲೆನಾಡಿನವನು. ಬೆಂಗಳೂರಿಗೆ ಬಂದು ಹನ್ನೆರಡು ವರ್ಷವಾದರೂ ಅವನ ಓಟು ಊರಲ್ಲೇ ಇದೆ. ಲೋಕಸಭೆಗೆ ಅವನು ಊರಿಗೆ ಹೋಗಲಿಲ್ಲ. "ನಾನು ಹಾಕಿದ್ರೂ ಯಾರಿಗೂ ಗೊತ್ತಾಗಲ್ಲ, ಹಾಕದಿದ್ರೂ ಯಾರಿಗೂ ಗೊತ್ತಾಗಲ್ಲ ಮಾರಾಯ" ಅಂದ. ಇದೇ ಮನುಷ್ಯ 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆಗೆ ಚಳಿಯಲ್ಲಿ ರಾತ್ರಿ ಬಸ್ಸು ಹತ್ತಿಕೊಂಡು ಹೋಗಿದ್ದ! ಯಾಕೋ ಅಂದರೆ, "ನಿಂತಿದ್ದವನು ನಮ್ಮ ಪಕ್ಕದ ತೋಟದವನು. ಹೋಗದಿದ್ರೆ ಆಮೇಲೆ ಅವನ ಮುಖ ಹೆಂಗೆ ನೋಡ್ಲಿ?"

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯೋದಿಲ್ಲ. ಅಂದರೆ ಪಕ್ಷದ ಬಾವುಟವೇ ಇಲ್ಲದ ಕಡೆ ಇವನಿಗೆ ರಾಜಕೀಯ ತನ್ನದು ಅನಿಸಿತು, ಬಾವುಟ ತುಂಬಿದ ಕಡೆ ಅನಿಸಲಿಲ್ಲ. ಇದನ್ನು ಕೇಳಿದಾಗಿನಿಂದ ನನ್ನ ತಲೆಯಲ್ಲಿ ಹುಳ ಕೊರೀತಿದೆ. ಅವನಿಗೆ ರಾಜಕೀಯ ಬೇಡವಾಗಿಲ್ಲ, ಪರಿಚಯದ ಮುಖ ಬೇಕು, ಅಷ್ಟೇ.

ನಗರದಲ್ಲಿ ಆ ಪರಿಚಯದ ಮುಖ ಯಾರದು? ಕಾರ್ಪೊರೇಟರ್‌ದು. ಎಮ್ಮೆಲ್ಲೆ, ಎಂಪಿಗಳು ಲಕ್ಷಗಟ್ಟಲೆ ಜನಕ್ಕೆ ಒಬ್ಬರು. ವಾರ್ಡಿನವನಾದರೆ ಬೆಳಿಗ್ಗೆ ಹಾಲಿನ ಬೂತಿನ ಹತ್ತಿರ ಸಿಕ್ಕಿಯಾನು. ಆದರೆ ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದಿದ್ದು 2015ರ ಆಗಸ್ಟ್‌ನಲ್ಲಿ. ಆ ಸಲ 198 ವಾರ್ಡುಗಳಲ್ಲಿ 100 ಗೆದ್ದಿದ್ದು ಬಿಜೆಪಿ, ಮೇಯರ್ ಆಗಿದ್ದು ಜೆಡಿಎಸ್ ಬೆಂಬಲದ ಕಾಂಗ್ರೆಸ್ಸಿನವರು, ಯಾಕೆಂದರೆ ಶಾಸಕರು, ಸಂಸದರಿಗೂ ಅಲ್ಲಿ ಓಟಿತ್ತು. ನಿಯಮದ ಪ್ರಕಾರ ಸರಿ ಇರಬಹುದು. ಕ್ಯೂನಲ್ಲಿ ನಿಂತು ಹಾಕಿದವನಿಗೆ ಏನನಿಸಿರಬೇಕು?

ಆ ಸಭೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗೀತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಿರಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತೆ. ಆಗಲಿಲ್ಲ. ಬಿಜೆಪಿ ಸರ್ಕಾರ ವಾರ್ಡುಗಳನ್ನು 243 ಮಾಡಿತು, ಆಮೇಲೆ ಬಂದ ಕಾಂಗ್ರೆಸ್ ಸರ್ಕಾರ 225 ಮಾಡಿತು. ಹೀಗೆ ಗೆರೆ ಎಳೆಯೋದು, ಅಳಿಸೋದು, ಕೋರ್ಟಿಗೆ ಹೋಗೋದರಲ್ಲೇ ಐದು ವರ್ಷ ಕಳೆದು, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು. ಅಷ್ಟೂ ವರ್ಷ ನಗರ ಅಧಿಕಾರಿಗಳ ಕೈಯಲ್ಲಿತ್ತು. ಮೆಟ್ಟಿಲಿನ ಮೊದಲ ಹೆಜ್ಜೆಯನ್ನೇ ಕಿತ್ತುಹಾಕಿ, ಯಾಕ್ರೀ ಮೇಲೆ ಹತ್ತಲ್ಲ ಅಂತ ಜನರನ್ನು ಕೇಳಿದಂಗಾಯ್ತು. ಇದರಲ್ಲಿ ಯಾವ ದೊಡ್ಡ ಪಕ್ಷವೂ ಇನ್ನೊಂದರ ಕಡೆ ಬೆರಳು ತೋರಿಸೋ ಹಾಗಿಲ್ಲ.

ಹಾಗಾದರೆ ಒಂದು ಪಕ್ಷ ಏನು ಮಾಡಬಹುದು? ದೊಡ್ಡ ಉಪದೇಶ ಕೊಡೋಕಿಂತ ನಮ್ಮ ಬೀದಿಯಲ್ಲಿ ನಡೆದಿದ್ದನ್ನು ಹೇಳ್ತೀನಿ. 2022ರ ಸೆಪ್ಟೆಂಬರ್ ಮಳೆ ನೆನಪಿದೆಯಲ್ಲ, ಬೆಳ್ಳಂದೂರಿನ ಕಡೆ ಜನ ಟ್ರಾಕ್ಟರ್‌ನಲ್ಲಿ ಆಫೀಸಿಗೆ ಹೋಗಿದ್ದು? ಆಗ ನಮ್ಮ ಬೀದಿಯ ಮೋರಿಯೂ ಉಕ್ಕಿ ಎದುರು ಮನೆ ಆಂಟಿಯ ಹಾಲಿನೊಳಗೆ ಮೊಣಕಾಲುದ್ದ ನೀರು ಬಂತು. ಒಂದು ವಾರಕ್ಕೆ ಒಬ್ಬ ಹುಡುಗ ಬಂದ, ಒಂದು ಪಕ್ಷದ ಕಾರ್ಯಕರ್ತ. ಕೈಯಲ್ಲಿ ಇನ್ನೂರು ಪೇಜಿನ ನೋಟ್‌ಬುಕ್ಕು, ಹೆಗಲಿಗೆ ಶಾಲು ಗೀಲು ಏನೂ ಇಲ್ಲ. ಮನೆ ಮನೆ ಕೇಳಿ ಬರ್ಕೊಂಡು ಹೋದ. ಇಂಥವರು ಬರ್ತಾರೆ ಹೋಗ್ತಾರೆ ಅಂದ್ಕೊಂಡ್ವಿ.

ಮೂರು ವಾರ ಬಿಟ್ಟು ಹುಡುಗ ಮತ್ತೆ ಹಾಜರ್. "ಆಗಿಲ್ಲಮ್ಮಾ, ಟೆಂಡರ್ ಆಗ್ಬೇಕಂತೆ, ಬೇಸಿಗೆ ಒಳಗೆ ಆಗೋದು ಡೌಟು" ಅಂದ. ಆಂಟಿ ಅವನಿಗೆ ಕಾಫಿ ಕೊಟ್ಟು ಕಳಿಸಿದರು. ಸಂಜೆ ನನ್ನ ಹತ್ತಿರ ಹೇಳಿದ್ದು ಇಷ್ಟು: "ಆಗಲ್ಲ ಅಂತ ಹೇಳೋಕೆ ವಾಪಸ್ ಬಂದವನು ಇವನೊಬ್ನೇ ಕಣಪ್ಪಾ." ಮೋರಿ ಬೇಸಿಗೆಯೊಳಗೆ ಆಗಲೂ ಇಲ್ಲ. ಆದರೆ ಹತ್ತು ವರ್ಷದಿಂದ ಬೂತಿನ ಕಡೆ ತಲೆ ಹಾಕದ ಆಂಟಿ 2023ರ ಮೇ ತಿಂಗಳಲ್ಲಿ ಬೆಳಿಗ್ಗೆ ಏಳೂವರೆಗೇ ಹೋಗಿ ಹಾಕಿ ಬಂದರು. ಯಾರಿಗೆ ಅಂತ ಕೇಳಿದರೆ "ಅದು ನಿಂಗ್ಯಾಕೆ?" ಅಂತ ಗದರಿದರು. ಆ ಹುಡುಗನ ಪಕ್ಷಕ್ಕೇ ಬಿತ್ತೋ ಇಲ್ಲವೋ ದೇವರಿಗೇ ಗೊತ್ತು.

ಒಬ್ಬ ಆಂಟಿಯಿಂದ ಸಿದ್ಧಾಂತ ಕಟ್ಟಬಾರದು, ಒಪ್ತೀನಿ. ಆದರೆ ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 1998ರಲ್ಲಿ ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಯೇಲ್ ವಿಶ್ವವಿದ್ಯಾಲಯದ ಗರ್ಬರ್ ಮತ್ತು ಗ್ರೀನ್ ಅನ್ನುವ ಇಬ್ಬರು ಪ್ರಾಧ್ಯಾಪಕರು ಸುಮಾರು 30 ಸಾವಿರ ಮತದಾರರನ್ನು ಗುಂಪುಗಳಾಗಿ ವಿಂಗಡಿಸಿದರು. ಕೆಲವರ ಮನೆಗೆ ಮನುಷ್ಯರನ್ನೇ ಕಳಿಸಿದರು, ಕೆಲವರಿಗೆ ಅಂಚೆಯಲ್ಲಿ ಕರಪತ್ರ, ಕೆಲವರಿಗೆ ಫೋನು. ಮನೆ ಬಾಗಿಲಿಗೆ ಬಂದು ಮಾತಾಡಿದ್ದರಿಂದ ಮತದಾನ ಚೆನ್ನಾಗಿಯೇ ಏರಿತು, ಕರಪತ್ರದಿಂದ ಒಂಚೂರು, ಫೋನಿನಿಂದ ಏನೂ ಇಲ್ಲ. ದೇಶ ಬೇರೆ, ಜನ ಬೇರೆ, ಇರಲಿ. ಆದರೂ ರೆಕಾರ್ಡ್ ಮಾಡಿದ ದನಿಯಲ್ಲಿ "ನಮಸ್ಕಾರ, ನಾನು ನಿಮ್ಮ ಅಭ್ಯರ್ಥಿ..." ಅಂತ ಊಟದ ಹೊತ್ತಿಗೆ ಫೋನು ಮಾಡಿಸುವವರು ಇದನ್ನು ಓದಬೇಕು.

ನನ್ನ ಮಟ್ಟಿಗೆ ಮೂರು ಕೆಲಸ. ಒಂದು, ಚುನಾವಣೆ ಇಲ್ಲದ ವರ್ಷದಲ್ಲಿ ಬನ್ನಿ, ಪಟ್ಟಿ ಹಿಡ್ಕೊಂಡು ಬನ್ನಿ. ಹದಿನೆಂಟು ತುಂಬಿದವರಿಗೆ ಫಾರಂ 6, ಮನೆ ಬದಲಾಯಿಸಿದವರಿಗೆ ಫಾರಂ 8. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ, ಜನವರಿಗೇ ಕಾಯಬೇಕಿಲ್ಲ. ನನ್ನ ಗೆಳೆಯನ ಬಾಗಿಲಿಗೆ ಹನ್ನೆರಡು ವರ್ಷದಲ್ಲಿ ಯಾವ ಪಕ್ಷದವರೂ ಬಂದು "ಸಾರ್, ಇಲ್ಲಿಗೆ ಬದಲಾಯಿಸ್ಕೊಳ್ತೀರಾ?" ಅಂತ ಕೇಳಿಲ್ಲ. ಅವನು ನಿಮಗೇ ಹಾಕ್ತಾನೆ ಅಂತ ಗ್ಯಾರಂಟಿ ಇಲ್ಲದಿದ್ದರೂ ಕೇಳಿ.

ಎರಡು, ಕೇಳಿಸಿಕೊಂಡು ಹೋದ ಮೇಲೆ ಉತ್ತರ ತಗೊಂಡು ವಾಪಸ್ ಬನ್ನಿ. ಆಯ್ತು ಅಂತಾದರೂ ಸರಿ, ಆಗಲ್ಲ ಅಂತಾದರೂ ಸರಿ. ಪ್ರಣಾಳಿಕೆಯಲ್ಲಿ ಸುರಂಗ ರಸ್ತೆ ಓದಿದವನಿಗೆ ತನ್ನ ಬೀದಿಯ ದೀಪದ ಕಥೆ ಗೊತ್ತಾಗಬೇಕು.

ಮೂರು, ವಾರ್ಡಿಗೆ ನಿಲ್ಲುವವನನ್ನು ನಾಮಪತ್ರದ ಕೊನೇ ದಿನ ಬಿ ಫಾರಂ ಕೊಟ್ಟು ತೋರಿಸಬೇಡಿ. ಆರು ತಿಂಗಳು ಮೊದಲೇ ತೋರಿಸಿ. ಉದ್ಯಾನದಲ್ಲಿ, ದರ್ಶಿನಿಯಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಜನ ಅವನನ್ನು ನಿಲ್ಲಿಸಿ ಪ್ರಶ್ನೆ ಕೇಳಲಿ. ಅಪಾರ್ಟ್‌ಮೆಂಟಿನವರಿಗೆ ವಾಟ್ಸಾಪ್ ಮೆಸೇಜು, ಸ್ಲಮ್ಮಿನವರಿಗೆ ಕುಕ್ಕರು ಅಂತ ಭಾಗ ಮಾಡಿಕೊಂಡರೆ ಇಬ್ಬರ ಜೊತೆಗೂ ಮಾತಾಡಿದಂತಾಗಲ್ಲ. ಮನೆಗೆಲಸದವರು, ರಾತ್ರಿ ಪಾಳಿಯ ಡ್ರೈವರುಗಳು ಯಾವ ಹೊತ್ತಿಗೆ ಮನೆಯಲ್ಲಿರ್ತಾರೆ ಅಂತ ತಿಳ್ಕೊಂಡು ಹೋಗೋದು ಕುಕ್ಕರಿಗಿಂತ ಅಗ್ಗ.

ಇದಕ್ಕೆಲ್ಲ ಪಕ್ಷಗಳಿಗೆ ಪುರುಸೊತ್ತಿಲ್ಲ, ಅರ್ಧ ಜನ ಹಾಕದೇ ಇದ್ದರೆ ಅವರಿಗೆ ಲಾಭವೇ ಅನ್ನುವ ವಾದವೂ ಇದೆ. ಖಾಯಂ ಗಿರಾಕಿಗಳನ್ನು ನೋಡಿಕೊಂಡರೆ ಗೆದ್ದಂತೆಯೇ ಅಲ್ಲವೇ? ಆದರೆ ಸಾವಿರ ಓಟಿನ ಒಳಗೆ ಸೋಲು ಗೆಲುವು ಆಗುವ ವಾರ್ಡುಗಳಲ್ಲಿ, ಯಾರೂ ಮಾತಾಡಿಸದ ಅರ್ಧ ಊರು ಇದೆ ಅನ್ನೋದನ್ನು ಯಾವುದಾದರೂ ಒಂದು ಪಕ್ಷ ಮೊದಲು ಲೆಕ್ಕ ಹಾಕಿಯೇ ಹಾಕುತ್ತೆ.

ನಿಮ್ಮ ಕಡೆ ಹೇಗಿದೆ? ಚುನಾವಣೆ ಇಲ್ಲದ ವರ್ಷದಲ್ಲಿ ನಿಮ್ಮ ಬಾಗಿಲು ತಟ್ಟಿದ ಕಾರ್ಯಕರ್ತ ಯಾರಾದರೂ ಇದ್ದಾರಾ? ಹುಬ್ಬಳ್ಳಿ, ಮಂಗಳೂರು, ಮೈಸೂರಿನವರು ಬರೆದರೆ ಓದೋಕೆ ಕಾಯ್ತಿರ್ತೀನಿ.