ಬ್ರಹ್ಮಪುರದ ಮಾಸ್ತರರು ಮತ್ತು ಒಂದು ಚೀಲ ತೊಗರಿ

ಬಿ.ಎಸ್ಸಿ. ಕಡೇ ವರ್ಷದಲ್ಲಿರುವ ನಮ್ಮ ಓಣಿಯ ಹುಡುಗಿ ಕೇಳಿದಳು: “ಎಂ.ಎಸ್ಸಿ. ಎಂಟ್ರೆನ್ಸಿಗೆ ಯಾವ ಕೋಚಿಂಗ್ ಸೇರ್ಲಿರಿ?” ಕೈಯಲ್ಲಿ ಕಲಬುರಗಿಯಿಂದ ತಂದ ಬಣ್ಣದ ಕರಪತ್ರಗಳು. ಅವುಗಳಲ್ಲಿ ಅಗ್ಗದ್ದಕ್ಕೇ 40,000 ರೂಪಾಯಿ. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000. ಅಂದರೆ ಐದು ಕ್ವಿಂಟಲ್. ನೆಟೆ ರೋಗ ಬರದೆ, ಹೂವಿನ ಕಾಲಕ್ಕೆ ಮೋಡ ಕವಿಯದೆ ಇದ್ದರೂ ನಮ್ಮೂರು ನರೋಣಾದ ಒಣಬೇಸಾಯದಲ್ಲಿ ಒಂದೆಕರೆಯಿಂದ ಅಷ್ಟು ತೆಗೆಯುವುದು ಕಷ್ಟ. ಅವಳಪ್ಪನಿಗೆ ಇರುವುದೇ ಮೂರೆಕರೆ.

ನಾನು ಓದುವಾಗ ನಮ್ಮ ಕಡೆ ಕೋಚಿಂಗ್ ಎಂಬ ದಂಧೆ ಇರಲಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಸ್ವತಂತ್ರವಾಗಿ ಆಗಷ್ಟೇ ಶುರುವಾಗಿತ್ತು. ಅದಕ್ಕೂ ಮೊದಲು ಅದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಅಲ್ಲಿ ಪದವಿಯ ಅಂಕ ನೋಡಿ ಸೀಟು ಕೊಡುತ್ತಿದ್ದರು. ಆದರೆ ಹೈದರಾಬಾದಿನಲ್ಲಿ 1974ರಲ್ಲಿ ಹುಟ್ಟಿದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕಿತ್ತು. ಅದರ ಆಸೆ ಇದ್ದವರಿಗೆಲ್ಲ ಒಂದೇ ದಾರಿ, ಕಲಬುರಗಿಯ ಬ್ರಹ್ಮಪುರ ಬಡಾವಣೆಯ ಮಾಸ್ತರರ ಮನೆ.

ಅವರು ನಿವೃತ್ತ ಗಣಿತ ಅಧ್ಯಾಪಕರು. ನಿಜಾಮರ ಕಾಲದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದು ಮಾಧ್ಯಮದಲ್ಲೇ ಗಣಿತ ಓದಿದವರು. ಲೆಕ್ಕ ಹಾಕುವಾಗ ತುಟಿಯಲ್ಲಿ ಉರ್ದು, ಹಲಗೆಯ ಮೇಲೆ ಇಂಗ್ಲಿಷು, ಬೈಯಲಿಕ್ಕೆ ಅಪ್ಪಟ ಗುಲಬರ್ಗಾ ಕನ್ನಡ. ಪಡಸಾಲೆಯ ಮೂಲೆಯಲ್ಲಿ ಯಾವುದೋ ಕಚೇರಿಯ ಹರಾಜಿನಲ್ಲಿ ಕೊಂಡ ಸೈಕ್ಲೋಸ್ಟೈಲ್ ಯಂತ್ರ. ಹಳೇ ಪ್ರಶ್ನೆಪತ್ರಿಕೆಗಳನ್ನು ಮೇಣದ ಸ್ಟೆನ್ಸಿಲ್ ಮೇಲೆ ತಾವೇ ಗೀಚಿ, ರೋಲರ್ ತಿರುಗಿಸಿ, ಒದ್ದೆ ಹಾಳೆಗಳನ್ನು ಹಗ್ಗದ ಮೇಲೆ ಒಣಹಾಕುತ್ತಿದ್ದರು. ರೋಲರ್ ಒರೆಸಲು ಸೀಮೆಎಣ್ಣೆ. ಆ ಶಾಯಿ, ಆ ಸೀಮೆಎಣ್ಣೆ, ಒಳಮನೆಯಿಂದ ಬರುವ ತೊಗರಿಬೇಳೆ ಒಗ್ಗರಣೆ, ಮೂರೂ ಬೆರೆತ ವಾಸನೆ ನಮ್ಮ ಅಂಗಿಗೆ ಹತ್ತಿಕೊಂಡು ನರೋಣಾದವರೆಗೂ ಬರುತ್ತಿತ್ತು. ಅವ್ವ ಬಾಗಿಲಲ್ಲೇ ಗುರುತು ಹಿಡಿಯುತ್ತಿದ್ದಳು.

ಸೇರಿಸಲು ಅಪ್ಪ ಬಂದಿದ್ದ. ಮಾಸ್ತರರು ಅವನನ್ನು ಕಟ್ಟೆಯ ಮೇಲೆ ಕೂರಿಸಿ, ನನ್ನ ಕೈಗೆ ಒಂದು ಹಳೇ ಪತ್ರಿಕೆ ಕೊಟ್ಟು ಒಳಗೆ ಕಳಿಸಿದರು. ಬರೆದು ತಂದದ್ದನ್ನು ನೋಡಿ ಅಪ್ಪನ ಕಡೆ ತಿರುಗಿದರು. “ಕ್ಯಾಲ್ಕುಲಸ್ ಬರ್ತದ ನಿಮ್ಮ ಹುಡುಗಗ. ಶಾಂತಿನಾರಾಯಣರ ಪುಸ್ತಕ ಲೈಬ್ರರ್ಯಾಗ ಅದ, ಅದನ್ನ ತಿರುವಿ ಹಾಕಿದ್ರ ಸಾಕು. ಬೀಜಗಣಿತ ಕಚ್ಚಾ ಅದ. ಅದಷ್ಟೇ ಕಲಸ್ತೀನಿ, ಮೂರು ತಿಂಗಳು.”

ಅಪ್ಪನಿಗೆ ಅನುಮಾನ. ವರ್ಷಪೂರ್ತಿ ಕಲಿಸಿರಿ, ಎರಡು ಚೀಲ ತೊಗರಿ ಹಾಕ್ತೀನಿ ಎಂದ. ಮಾಸ್ತರರು ಒಂದು ಚೀಲ ಎಂದರು. ಅಪ್ಪ ಒಂದೂವರೆಗೆ ಬಂದ. ಕೊಡುವವನು ಏರಿಸುತ್ತ, ತೆಗೆದುಕೊಳ್ಳುವವನು ಇಳಿಸುತ್ತ ನಡೆದ ಆ ಚೌಕಾಸಿಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. “ಬರೋದನ್ನ ಮತ್ತ ಕಲಸಿ ರೊಕ್ಕ ತಗೊಂಡ್ರ ಕಳುವು ಆಗ್ತದ್ರಿ” ಎಂದು ಅವರು ಎದ್ದೇ ಬಿಟ್ಟರು. ಒಂದು ಚೀಲಕ್ಕೇ ನಿಂತಿತು.

ಆ ಮನೆಯನ್ನು ಇಷ್ಟು ಹೊಗಳಿದ ಮೇಲೆ ಉಳಿದದ್ದನ್ನೂ ಹೇಳಬೇಕು. ಅಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ. ಕಡೇ ಬಸ್ಸಿಗೆ ಊರು ಮುಟ್ಟಬೇಕಾದ ಪಾಠಕ್ಕೆ ಯಾವ ಮನೆಯವರು ಕಳಿಸಿಯಾರು? ಕೂಲಿಯವರ ಮಕ್ಕಳಿಗೆ ಒಂದು ಚೀಲ ತೊಗರಿ ಎಲ್ಲಿಂದ ಬರಬೇಕು? ಮಾಸ್ತರರ ಬಾಯಿಗೆ ಹೆದರಿ ಓದನ್ನೇ ಬಿಟ್ಟ ಗೆಳೆಯರಿದ್ದರು. ಇತಿಹಾಸವೋ ಅರ್ಥಶಾಸ್ತ್ರವೋ ಓದಬೇಕೆಂದವರಿಗೆ ಅಂಥ ಒಂದು ಮನೆಯೂ ಇರಲಿಲ್ಲ. ಇವತ್ತು ನರೋಣಾದ ಹುಡುಗಿ ರೊಟ್ಟಿ ಬಡಿದು, ಮುಸುರೆ ತಿಕ್ಕಿ, ರಾತ್ರಿ ಹತ್ತಕ್ಕೆ ಫೋನಿನಲ್ಲಿ ಐಐಟಿ ಅಧ್ಯಾಪಕರ ಪಾಠ ಕೇಳಬಲ್ಲಳು. ಎನ್‌ಪಿಟಿಇಎಲ್, ಸ್ವಯಂ ಎಂಬ ಎರಡೂ ಜಾಲತಾಣಗಳಲ್ಲಿ ಪಾಠ ಪುಕ್ಕಟೆ. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ, ಪ್ರವೇಶ ಪರೀಕ್ಷೆಯ ತಯಾರಿಗೆ ಆ ಪತ್ರ ಬೇಕಿಲ್ಲ. ನಮ್ಮ ಕಾಲದಲ್ಲಿ ಇಷ್ಟು ಸಿಕ್ಕಿದ್ದರೆ ನನ್ನ ತಂಗಿ ಹತ್ತನೇ ಇಯತ್ತೆಗೆ ನಿಲ್ಲುತ್ತಿರಲಿಲ್ಲ.

ನನಗೆ ಸಿಟ್ಟು ಬರುವುದು ಕರಪತ್ರಗಳ ಮೇಲೆ. ಆ ಹುಡುಗಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಒಬ್ಬರೂ ಪರೀಕ್ಷಿಸಿರಲಿಲ್ಲ. ಮೊದಲು ರೊಕ್ಕ ಕಟ್ಟು, ಆಮೇಲೆ ಎಲ್ಲರ ಜೊತೆ ಎಲ್ಲವನ್ನೂ ಕೇಳು. ಹಾಗಾಗಿ ಅವಳೂ ನಾನೂ ಹಳೇ ಪ್ರಶ್ನೆಪತ್ರಿಕೆ ಹಿಡಿದು ಕೂತೆವು. ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಸಿಯುಇಟಿ-ಪಿಜಿಯಲ್ಲಿ 75 ಪ್ರಶ್ನೆ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಅವಳಿಗೆ ತೊಡಕಿದ್ದದ್ದು ರೇಖೀಯ ಬೀಜಗಣಿತ ಒಂದರಲ್ಲೇ. ಉಳಿದದ್ದಕ್ಕೆ ಬೇಕಾದದ್ದು ವೇಗ, ಅದು ಬರೆದು ಬರೆದೇ ಬರಬೇಕು. ಒಂದೇ ವಿಷಯ, ಎರಡೇ ತಿಂಗಳು ಕಲಿಸುತ್ತೀರಾ ಎಂದು ಕಲಬುರಗಿಯಲ್ಲಿ ಕೇಳಿದರೆ, ಅಂಥ ಪ್ಯಾಕೇಜ್ ಇಲ್ಲ ಎಂದರು. ಊರಿನಲ್ಲಿ ಇದೇ ಪ್ಯಾಕೇಜಿಗೆಂದು ಬಂಗಾರ ಒತ್ತೆ ಇಟ್ಟವರಿದ್ದಾರೆ. ಮಗನಿಗೆ ಮೊದಲೇ ಬರುತ್ತಿದ್ದ ಪಾಠಕ್ಕೂ ಅವರು ಬಡ್ಡಿ ಕಟ್ಟುತ್ತಿದ್ದಾರೆ.

ನಮ್ಮ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಈಗ ಕೇಂದ್ರೀಯ ವಿಶ್ವವಿದ್ಯಾಲಯವಿದೆ. 2009ರಲ್ಲಿ ಅದು ಸ್ಥಾಪನೆಯಾದಾಗ, ಇನ್ನು ಹೈದರಾಬಾದಿನ ರೈಲು ಹತ್ತುವ ಕೆಲಸವಿಲ್ಲ ಎಂದು ಹಿಗ್ಗಿದವರಲ್ಲಿ ನಾನೂ ಒಬ್ಬ. ಆದರೆ ಅದರ ಬಾಗಿಲಿನ ಪರೀಕ್ಷೆ, ಭಾಷಾ ಪತ್ರಿಕೆಗಳನ್ನು ಬಿಟ್ಟರೆ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಪದವಿ ಪ್ರವೇಶದ ಸಿಯುಇಟಿಯನ್ನು ಕನ್ನಡದಲ್ಲಿ ಬರೆಯಬಹುದಂತೆ, ಸ್ನಾತಕೋತ್ತರಕ್ಕೆ ಯಾಕಿಲ್ಲ? ಕನ್ನಡದಲ್ಲಿ ಬಿ.ಎ. ಓದಿದ ಜೇವರ್ಗಿಯ, ಅಫಜಲಪುರದ ಮಕ್ಕಳು ಆ ಪ್ರಶ್ನೆಗಳನ್ನು ಬಿಡಿಸಿಕೊಳ್ಳಲಿಕ್ಕೇ ಕೋಚಿಂಗಿಗೆ ಹೋಗುತ್ತಾರೆ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರಲಿ. ಅಲ್ಲಿಯವರೆಗೆ ಹಳೇ ಪತ್ರಿಕೆಗಳನ್ನು ಮುದ್ರಿಸಿ, ಉತ್ತರದ ವಿವರಣೆಯನ್ನು ಕನ್ನಡದಲ್ಲಿ ಸೇರಿಸಿ, ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಇಡಲಿ. ಕಡಗಂಚಿಯ ಅಧ್ಯಾಪಕರು ತಿಂಗಳಿಗೊಂದು ಭಾನುವಾರ ಸುತ್ತಲಿನ ಹಳ್ಳಿಗೆ ಬಂದು ಕೂತರೆ, ಯಾವ ಮಗುವಿಗೆ ಯಾವ ಪಾಠ ಬೇಕು, ಯಾವುದು ಬೇಡ ಎಂಬುದನ್ನು ರೊಕ್ಕ ಕಟ್ಟುವ ಮೊದಲೇ ಹೇಳಬಲ್ಲರು.